ಹದ್ದು ಎತ್ತಿದ ನಾಯಿ

ಪಶು ಆಸ್ಪತ್ರೆಯ ಬೆಂಚಿನ ಮೇಲೆ ಬೆಕ್ಕು ಹಿಡಿದು ಕೂತಿದ್ದೆ. ಪಕ್ಕದಲ್ಲಿ ಒಬ್ಬ ಭಾವ, ಅವನ ನಾದಿನಿ. ಅವಳ ನಾಯಿ ಒಳಗೆ ಡಾಕ್ಟರ ಮೇಜಿನ ಮೇಲಿತ್ತು.

“ಎರಡು ದಿನ ನೋಡ್ಕೊಳ್ಳಿ ಅಂತ ಬಿಟ್ಟು ಹೋದರೆ ಕಾಲು ಮುರಿಸಿದ್ದೀರಲ್ಲ ಭಾವ.”

“ನಾನಲ್ಲ ಕಣಮ್ಮ. ಹದ್ದು ಎತ್ಕೊಂಡು ಹೋಗಿ ಮೇಲಿಂದ ಬಿಡ್ತು.”

“ಹನ್ನೆರಡು ಕೆಜಿ ನಾಯೀನಾ?”

“ದೊಡ್ಡ ಹದ್ದು! ರೆಕ್ಕೆ ಈ ಗೋಡೆಯಿಂದ ಆ ಗೋಡೆಗೆ.”

“ರೆಕ್ಕೆ ಎಷ್ಟುದ್ದ ಇದ್ದರೇನು, ಹದ್ದೇ ಐದು ಕೆಜಿ ತೂಗಲ್ಲ. ರೀಲು ಬಿಡೋದಕ್ಕೂ ಒಂದು ಮಿತಿ ಬೇಡ್ವಾ?”

“ಕಣ್ಣಾರೆ ಕಂಡಿದ್ದೀನಿ. ನನಗಿಂತ ನಿನಗೆ ಜಾಸ್ತಿ ಗೊತ್ತಾ?”

ಕೇಳುತ್ತಿದ್ದ ನನಗೇ ಮೈ ಉರಿಯಿತು. ಅಷ್ಟರಲ್ಲಿ ಡಾಕ್ಟರು ಕಾಲಿಗೆ ಪಟ್ಟಿ ಕಟ್ಟಿದ ನಾಯಿಯನ್ನು ಹೊರತಂದರು.

“ಕೂದಲಲ್ಲೆಲ್ಲ ಗ್ರೀಸು. ಯಾವ ಗಾಡಿಗೆ ಸಿಕ್ಕಿತಮ್ಮಾ?”

ಅವಳು ಭಾವನ ಕಡೆ ತಿರುಗಿದಳು. “ಹೇಳಿ, ನಿಮ್ಮ ಹದ್ದು ಯಾವ ಗ್ಯಾರೇಜಿಂದು?”

“ರಿವರ್ಸ್ ತಗೊಳ್ಳುವಾಗ ಕಾಣಲಿಲ್ಲ ಕಣೇ...” ಅವನು ನಾಯಿಗೆ ಕೈಚಾಚಿದ.

“ಮುಟ್ಟಬೇಡಿ. ಇಷ್ಟು ಭಾರ ನಾನೇ ಎತ್ತುತ್ತೀನಿ.”

ನಾಯಿಯನ್ನು ಎದೆಗವಚಿಕೊಂಡು ಹೊರಟೇಬಿಟ್ಟಳು. ಅವನು ಕಾರಿನ ಕೀ ಹಿಡಿದು ಹಿಂದೆ ಓಡಿದ.