ಮೂರನೇ ಟ್ಯಾಂಕಿನ ಇಬ್ಬರು

ಅಧ್ಯಕ್ಷತೆ ವಹಿಸಿರುವ ನಮ್ಮ ಡಾಕ್ಟರ್ ಮೇಡಂ ಅವರೇ, ಮುಖ್ಯ ಅತಿಥಿಗಳಾಗಿ ಬಂದಿರುವ ನಮ್ಮ ಚರ್ಚಿನ ಫಾದರ್ ಅವರೇ, ಲ್ಯಾಬಿನ ಸಹೋದ್ಯೋಗಿಗಳೇ, ಸಭಿಕರೇ,

ನನ್ನ ಬೀಳ್ಕೊಡುಗೆಗೆಂದು ಇವರಿಬ್ಬರನ್ನೂ ಒಂದೇ ವೇದಿಕೆಯಲ್ಲಿ ಕೂರಿಸಿದ್ದೀರಿ. ಹತ್ತೊಂಬತ್ತು ವರ್ಷ ನನ್ನ ತಲೆಯೊಳಗೆ ಕೂತು ಜಗಳವಾಡಿದವರು ಇವರು. ಇವತ್ತು ಒಂದೇ ತಟ್ಟೆಯಿಂದ ಬಿಸ್ಕತ್ತು ತಿನ್ನುತ್ತಿರುವುದನ್ನು ನೋಡಿ ನನಗೆ ಹೊಟ್ಟೆ ಉರಿಯುತ್ತಿದೆ.

ಈ ಸಂತಾನ ಚಿಕಿತ್ಸಾ ಕೇಂದ್ರದಲ್ಲಿ ನನ್ನ ಕೆಲಸವೇನು? ಭ್ರೂಣಗಳನ್ನು ಹೆಪ್ಪುಗಟ್ಟಿಸಿಟ್ಟ ನಾಲ್ಕು ಟ್ಯಾಂಕುಗಳಿಗೆ ಸೋಮವಾರ, ಗುರುವಾರ ದ್ರವ ನೈಟ್ರೋಜನ್ ತುಂಬುವುದು. ಭಾನುವಾರ ಚರ್ಚಿನ ಕೆಲಸ: ಮೇಣದಬತ್ತಿ ಹಚ್ಚುವುದು, ಪೂಜಾವಸ್ತ್ರ ಮಡಚುವುದು. ವಾರಕ್ಕೆ ಎರಡು ದಿನ ಪಾಪ, ಒಂದು ದಿನ ಪುಣ್ಯ.

ಇಲ್ಲಿ ಕೆಲಸಕ್ಕೆ ಸೇರಿದ ಮೊದಲ ಶನಿವಾರವೇ ಈ ಫಾದರ್ ಬಳಿ ಪಾಪನಿವೇದನೆಗೆ ಹೋದೆ. ಗುಟ್ಟು ಕಾಯಬೇಕಾದವರು ಫಾದರ್, ನಾನಲ್ಲ, ಆದ್ದರಿಂದ ಹೇಳಿಬಿಡುತ್ತೇನೆ.

"ಆ ಟ್ಯಾಂಕಿನೊಳಗೆ ಇರೋರು ಆತ್ಮ ಇರೋ ಮನುಷ್ಯರು. ಅವರನ್ನ ಹಾಗೆ ಇಡೋದೇ ಪಾಪ" ಎಂದರು.

"ಹಾಗಾದ್ರೆ ಕೆಲಸ ಬಿಡ್ತೀನಿ ಫಾದರ್."

"ಬಿಟ್ರೆ ತುಂಬೋರು ಯಾರು?"

"ಸದ್ಯಕ್ಕೆ ಯಾರೂ ಇಲ್ಲ. ತುಂಬದಿದ್ರೆ ಅವರು ಉಳಿಯಲ್ಲ."

ಫಾದರ್ ಬಹಳ ಹೊತ್ತು ಕೆಮ್ಮಿದರು. ತುಂಬಿದ್ದಕ್ಕೆ ಪ್ರಾಯಶ್ಚಿತ್ತವಾಗಿ ಒಂದು ಜಪಸರ ಪ್ರಾರ್ಥನೆ ಮಾಡಲು ಹೇಳಿದರು. ಸೋಮವಾರ ಮರೆಯದೆ ತುಂಬಲೂ ಹೇಳಿದರು. ಹತ್ತೊಂಬತ್ತು ವರ್ಷ ಹೀಗೇ ನಡೆಯಿತು.

ಇನ್ನು ಮೇಡಂ. "ಅವು ಜೀವಕೋಶ ಅಷ್ಟೇ, ಅವಕ್ಕೆಲ್ಲ ಗುಡ್ ಮಾರ್ನಿಂಗ್ ಹೇಳಬೇಡಿ" ಎಂದು ನನ್ನನ್ನು ಗದರಿಸಿದವರು. ಅದೇ ಮೇಡಂ ರಜೆಯಲ್ಲಿದ್ದಾಗ ಫೋನು ಮಾಡಿ ಕೇಳುತ್ತಿದ್ದುದೇನು? "ನಮ್ಮ ಪುಟಾಣಿಗಳು ಹೇಗಿದಾರೆ?" ಯಾವ ವಿಜ್ಞಾನದ ಪುಸ್ತಕದಲ್ಲಿದೆ ಈ ಮಾತು?

ಎರಡನೇ ಟ್ಯಾಂಕಿನ ಕುತ್ತಿಗೆಯಲ್ಲಿ ಐಸು ಕಟ್ಟಿ, ಮೆಕ್ಯಾನಿಕ್ ಮೂರು ಸಲ ಮುಚ್ಚಳ ಬದಲಿಸಿದ್ದು ನೆನಪಿದೆಯೇ ಮೇಡಂ? ಮುಚ್ಚಳದ್ದೇನೂ ತಪ್ಪಿರಲಿಲ್ಲ. ಅದು ಪವಿತ್ರ ಜಲ. ಚರ್ಚಿನಲ್ಲಿ ಮಕ್ಕಳಿಗೆ ಕೊಡುವ ಜ್ಞಾನಸ್ನಾನ ಇಲ್ಲಿ ಎಲ್ಲರಿಗೂ ಒಟ್ಟಿಗೆ ಆಗಿಹೋಗಲಿ ಎಂದು ಚಿಮುಕಿಸಿದ್ದೆ. ಆ ಚಳಿಗೆ ಹನಿಗಳು ದಾರಿಯಲ್ಲೇ ಆಲಿಕಲ್ಲಾದವು. ಫಾದರನ್ನು ಕೇಳಿದರೆ, "ನೀರು ಹರೀಬೇಕು. ಕಲ್ಲು ಹೊಡೆದ್ರೆ ಜ್ಞಾನಸ್ನಾನ ಆಗಲ್ಲ" ಎಂದರು. ಮೇಡಂ, ಹಾಗೆ ನೋಡಬೇಡಿ. ನಾನು ನಿವೃತ್ತನಾಗಿದ್ದೇನೆ.

ಮೊದಲ ಸಾಲಿನಲ್ಲಿ ಕೂತಿರುವವಳು ನನ್ನ ಮಗಳು. ಎಂಟು ವರ್ಷದ ಹಿಂದೆ ಚಿಕಿತ್ಸೆಗೆಂದು ಅವಳು ಇಲ್ಲಿಗೇ ಬಂದಳು. ಚರ್ಚಿನ ಕೆಲಸದವನ ಮಗಳು ಇಲ್ಲಿಗೆ ಬರುವುದೇ? ಎಂಟು ತಿಂಗಳು ನಾನು ಅವಳೊಂದಿಗೆ ಮಾತು ಬಿಟ್ಟೆ. ಅವಳ ಮೂವರು ಮೂರನೇ ಟ್ಯಾಂಕಿನಲ್ಲಿದ್ದರು. ಅದನ್ನು ಮಾತ್ರ ದಿನವೂ ಮುಟ್ಟಿ ನೋಡುತ್ತಿದ್ದೆ. ಮೂವರಲ್ಲಿ ಒಬ್ಬಳು ಈಗ ಅವಳ ಪಕ್ಕದಲ್ಲಿ ಕೂತು ಕಾಲು ಅಲ್ಲಾಡಿಸುತ್ತಿದ್ದಾಳೆ. ಅವಳಿಗೆ ಜ್ಞಾನಸ್ನಾನ ಕೊಟ್ಟವರು ಇದೇ ಫಾದರ್. ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಉಳಿದವರು ಇಬ್ಬರು. ಅವರನ್ನು ಇನ್ನು ಇಡುವುದು ಬೇಡವೆಂದು ಹೋದ ತಿಂಗಳು ಮಗಳು ಕಾಗದಕ್ಕೆ ಸಹಿ ಹಾಕಿದಳು. "ನನ್ನ ಮೈಗೆ ಇನ್ನು ಆಗಲ್ಲಪ್ಪ" ಎಂದಳು. ನಾನು ವಾದ ಮಾಡಲಿಲ್ಲ. ಹೆತ್ತವಳು ಅವಳು, ನಾನಲ್ಲ.

ಅವಧಿ ಮುಗಿದವರನ್ನು, ಹೀಗೆ ಸಹಿ ಬಿದ್ದವರನ್ನು ಹೊರಗೆ ತೆಗೆದು ಕರಗಲು ಬಿಡುವ ದಿನ ವರ್ಷಕ್ಕೊಮ್ಮೆ ಬರುತ್ತದೆ. ಅಂದು ನನಗೆ ತಪ್ಪದೆ ಜ್ವರ. ಮೇಡಂ ಮೊದಲೇ ಬೇರೆಯವರನ್ನು ಗೊತ್ತು ಮಾಡಿಡುತ್ತಿದ್ದರು. ಈ ವರ್ಷ ಆ ದಿನ ನಾಳೆ. ಅದಕ್ಕೇ ಕರುಣೆಯಿಟ್ಟು ಇವತ್ತೇ ನನ್ನನ್ನು ಬೀಳ್ಕೊಡುತ್ತಿದ್ದಾರೆ.

ಆದರೆ ನಾನು ಬರುತ್ತೇನೆ. ಅದು ಸಾವು ಎಂದು ಫಾದರ್ ಹೇಳಲಿ, ಏನೂ ಅಲ್ಲ ಎಂದು ಮೇಡಂ ಹೇಳಲಿ. ನನಗೆ ಗೊತ್ತಿಲ್ಲ. ಮನೆಯವರು ಯಾರೂ ಇಲ್ಲದೆ ಆ ಇಬ್ಬರು ಹೋಗಬಾರದು, ಅಷ್ಟು ಗೊತ್ತು.

ನನ್ನ ಗುರುತಿನ ಚೀಟಿಯನ್ನು ಈಗಷ್ಟೇ ವಾಪಸು ಕೊಟ್ಟಿದ್ದೇನೆ. ನಾಳೆ ಹತ್ತು ಗಂಟೆಗೆ ಬಾಗಿಲಲ್ಲಿ ವಾಚ್‌ಮನ್ ಯಾರು ಬೇಕೆಂದು ಕೇಳುತ್ತಾರೆ. ಮೊಮ್ಮಕ್ಕಳು ಒಳಗಿದ್ದಾರೆ ಎನ್ನುತ್ತೇನೆ. ದಯವಿಟ್ಟು ಒಳಗೆ ಬಿಡಿ.

ಇಷ್ಟು ಹೊತ್ತು ಸಹಿಸಿಕೊಂಡ ನಿಮಗೆಲ್ಲ ನಾನು ಋಣಿ. ನಮಸ್ಕಾರ.