ಕೊನೇ ಪ್ರಶ್ನೆಗೆ ಅಂಕವಿಲ್ಲ

…ನಗು, ನಗು, ಹೊಟ್ಟೆ ತುಂಬ ನಗು! ಗಾಡಿಗೆ ಪ್ರಶ್ನೆಪತ್ರಿಕೆ ತೆಗೆದವನು ಈ ಭೂಮಿ ಮೇಲೆ ನಾನೊಬ್ಬನೇ ಇರಬೇಕು, ಒಪ್ಪಿದೆ. ಆದ್ರೆ ಇಪ್ಪತ್ತೆಂಟು ವರ್ಷ ಗಣಿತ ಕಲಿಸಿದವನು ಇನ್ನೇನು ಮಾಡ್ತಾನೆ ಹೇಳು? ನಿನ್ನ ಹಾಗೆ ಟೈರಿಗೊಂದು ಒದೆ ಕೊಟ್ಟು, 'ಪರವಾಗಿಲ್ಲ ಭಾವ' ಅಂದುಬಿಡೋಕೆ ನಂಗೆ ಬರುತ್ತಾ? ಅದಕ್ಕೇ ಈ ನೋಟ್‌ಬುಕ್ಕು. ಬ್ಯಾಟರಿಗೆ ಇಪ್ಪತ್ತು ಅಂಕ. ಎಂಜಿನ್ನಿಗೆ ಇಪ್ಪತ್ತು. ಟೈರು ನಾಲ್ಕು, ತಲಾ ಎರಡೂವರೆ. ಸ್ಟೆಪ್ನಿ ಐಚ್ಛಿಕ ವಿಷಯ… ಮತ್ತೆ ನಗ್ತೀಯಲ್ಲೋ! ಬಾನೆಟ್ ಒಳಗೆ ತಲೆ ಇಟ್ಕೊಂಡು ಹಾಗೆ ನಗಬೇಡ, ಎಲ್ಲಾದ್ರೂ ಬಡಿದೀತು.

ಹಾಂ, ಆ ಪುಟ ಬೇಡ. ಕೊಡು ಇಲ್ಲಿ. ಕೊನೇ ಸಾಲು ಸುಮ್ನೆ ಬರ್ದಿದ್ದು, ಅದಕ್ಕೆ ಅಂಕ ಇಲ್ಲ. ಕೊಡೋ ಪುಸ್ತಕ!

ಅಲ್ಲ, ನಿಂಗಾದ್ರೂ ಏನು ಗ್ರಹಚಾರ. ವಾರಕ್ಕೆ ಒಂದೇ ಒಂದು ಭಾನುವಾರ. ಗ್ಯಾರೇಜಿಗೆ ಬೀಗ ಹಾಕಿ, ಹೆಂಡ್ತಿ ಹತ್ರ ಬೈಸ್ಕೊಂಡು, ಈ ಭಾವನ ಹಿಂದೆ ಹಳೇ ಗಾಡಿ ನೋಡ್ತಾ ಅಲೀತೀಯ. ಅಕ್ಕ ಹೋಗಿ ಐದು ತಿಂಗಳಾಯ್ತು. ಅಕ್ಕನೇ ಇಲ್ಲ ಅಂದ್ಮೇಲೆ ಭಾವನ ಸಹವಾಸ ಯಾಕೆ ಅಂತ ಬೇರೆಯವರಾಗಿದ್ರೆ ಫೋನೇ ಎತ್ತುತ್ತಿರಲಿಲ್ಲ. ನೀನು ಬರ್ತೀಯ. ಬಂದು ಗಾಡಿ ಅಡಿಗೆ ಮಲಗ್ತೀಯ. ನಾನು ಮೇಲೆ ನಿಂತು ಮೊಸರಲ್ಲಿ ಕಲ್ಲು ಹುಡುಕ್ತೀನಿ.

ಇದು ಎಷ್ಟನೇದು? ಏಳು. ಏಳನೇ ಭಾನುವಾರ, ಏಳನೇ ಗಾಡಿ. ಅಲ್ಲಿ ನೋಡು, ತಗಡಿನ ನೆರಳಲ್ಲಿ ಕೂತಿದಾನಲ್ಲ, ಗಾಡಿ ಮಾರೋ ಮಹಾಶಯ. ಮೊದಲನೇ ಭಾನುವಾರ ಎದ್ದು ಬಂದು ಎರಡೂ ಕೈಯಲ್ಲಿ ನನ್ನ ಕೈ ಹಿಡ್ಕೊಂಡ. ಮೂರನೇ ವಾರ ಕೂತಲ್ಲೇ ಒಂದು ಕೈ ಎತ್ತಿದ. ಇವತ್ತು ನೋಡಿದೆಯಲ್ಲ, ಬೀಗದ ಕೈ ಎಸೆದುಬಿಟ್ಟ, ನಾಯಿಗೆ ಬಿಸ್ಕತ್ತು ಎಸೆದ ಹಾಗೆ! ನಾನೂ ಹಾಗೇ ಓಡಿಹೋಗಿ ಹಿಡ್ಕೊಂಡೆ ಅನ್ನು. ಬಾಲ ಒಂದು ಇರಲಿಲ್ಲ.

ಅವನ ತಪ್ಪೇನಿಲ್ಲ ಬಿಡು. ಮೊದಲನೇ ಗಾಡಿ ಬೇಡ ಅಂದೆ. ಯಾಕೆ? ಹಿಂದಿನ ಸೀಟಲ್ಲಿ ಯಾರೋ ಯಾವತ್ತೋ ಹಾಲು ಚೆಲ್ಲಿದ್ದ ವಾಸನೆ. ಎರಡನೇದರ ಗಡಿಯಾರ ನಾಲ್ಕು ನಿಮಿಷ ಹಿಂದಿತ್ತು, ಸಮಯಪ್ರಜ್ಞೆ ಇಲ್ಲದ ಗಾಡಿ. ನಾಲ್ಕನೇದು ತೊಂಬತ್ತೊಂದು ಅಂಕ ತಗೊಂಡ್ತು. ಅಷ್ಟು ಬಂದಿದ್ದಕ್ಕೇ ಅನುಮಾನ ಬಂತು, ನಕಲು ಹೊಡೆದಿರಬೇಕು ಅಂತ! ಆರನೇದು… ಆರನೇದಕ್ಕೆ ಏನು ಕಾರಣ ಹೇಳಿದೆ? ಬಣ್ಣ. ಅಕ್ಕನ ಗಾಡಿಯ ಬಣ್ಣದ್ದೇ ಬೇಕು ಅಂತ ಕೇಳಿದವನೂ ನಾನೇ, ಅದೇ ಬಣ್ಣ ಇದೆ, ಬೇಡ ಅಂದವನೂ ನಾನೇ.

ನಿಂಗೆ ಕೇಳಬೇಕು ಅನ್ಸುತ್ತೆ, ಗೊತ್ತು. ಅಕ್ಕನ ಗಾಡಿ ಚಿನ್ನದಂಥದ್ದು. ಅವಳು ಹೋದ ತಿಂಗಳೊಳಗೆ ಮೊದಲು ಬಂದವನ ಕೈಗೆ ಕೊಟ್ಟುಬಿಟ್ಟೆ, ನಿನ್ನನ್ನೂ ಒಂದು ಮಾತು ಕೇಳದೆ. ಈಗ ಅದೇ ಕಂಪನಿ, ಅದೇ ವರ್ಷ, ಅದೇ ಹೈಬ್ರಿಡ್ಡೇ ಆಗಬೇಕು ಅಂತ ಹಟ. ಈ ಮನುಷ್ಯನಿಗೆ ತಲೆ ನೆಟ್ಟಗಿದೆಯಾ ಅಂತ. ಅದೂ ಓಡಿಸೋಕೆ ಬಾರದವನಿಗೆ! ಡ್ರೈವಿಂಗ್ ಪರೀಕ್ಷೆಯಲ್ಲಿ ಮೂರು ಸಲ ಫೇಲು. ಮೂರನೇ ಸಲ ಪರೀಕ್ಷೆ ಮಾಡಿದವನು ನನ್ನ ಹಳೇ ವಿದ್ಯಾರ್ಥಿ. ಅವನು ಎಷ್ಟು ಪ್ರೀತಿಯಿಂದ ಫೇಲು ಮಾಡಿದ ಅಂತೀಯ! 'ಸಾರ್, ನೀವು ಹಿಂದೆ ಕೂರೋದೇ ಸಮಾಜಕ್ಕೆ ಒಳ್ಳೇದು' ಅಂದ. ನಾನು ಮನೆಗೆ ಬಂದು ಆ ಗಾಡಿಯ ಕ್ಲಚ್ಚು ಸರಿ ಇರಲಿಲ್ಲ ಅಂದೆ. ನಿಮ್ಮಕ್ಕ ಹೊಲಿಗೆ ಯಂತ್ರದಿಂದ ತಲೆ ಎತ್ತದೇ, 'ಹೌದೌದು, ಕುಣಿಯೋಕೆ ಬಾರದವಳಿಗೆ ನೆಲ ಡೊಂಕಂತೆ' ಅಂದ್ಲು.

ಅವಳಿಗೆ ಬೇಕಿತ್ತು ಈ ದೊಡ್ಡ ಗಾಡಿ. ಪರದೆ ಬಟ್ಟೆಯ ಥಾನುಗಳು ಅಡ್ಡಡ್ಡ ಹಿಡೀಬೇಕಲ್ಲ. ಈ ಡಿಕ್ಕಿ ನೋಡು, ಇದರಲ್ಲಿ ಹನ್ನೆರಡು ಥಾನು. ಎಷ್ಟು ಜನರ ಮನೆ ಕಿಟಕಿಗೆ ಪರದೆ ಹೊಲಿದು, ಹೊತ್ಕೊಂಡು ಹೋಗಿ, ಏಣಿ ಹತ್ತಿ ಕಟ್ಟಿ ಬಂದ್ಲು! ನಾನು ಯಜಮಾನನ ಹಾಗೆ ಪಕ್ಕದ ಸೀಟಲ್ಲಿ ಕೂತು, ಅವಳ ವೇಗ ಜಾಸ್ತಿ ಆಯ್ತು, ಕಡಿಮೆ ಆಯ್ತು ಅಂತ ತಿದ್ದುತಿದ್ದೆ. ನಮ್ಮನೆ ಕಿಟಕಿಗೆ ಮಾತ್ರ ಪರದೆ ಇರಲಿಲ್ಲ. ಬಿಡುವಾದಾಗ ಹೊಲೀತೀನಿ ಅಂತಿದ್ಲು.

ಏನಂದೆ? ಬ್ಯಾಟರಿ ಚೆನ್ನಾಗಿದೆಯಾ? ಹಾಗಾದ್ರೆ ಬರೀತೀನಿ, ಹದಿನೆಂಟು. ಇಲ್ಲ, ಇಪ್ಪತ್ತಕ್ಕೆ ಇಪ್ಪತ್ತು ನಾನು ಯಾರಿಗೂ ಕೊಟ್ಟವನಲ್ಲ. ಮೇಲಿಂದ ದೇವರೇ ಬಂದು ಉತ್ತರ ಬರೆದ್ರೂ ಅಂಚು ಬಿಟ್ಟಿಲ್ಲ ಅಂತ ಒಂದು ಅಂಕ ಕಳೀತೀನಿ.

ಹ್ಞಾಂ, ಸ್ಟಾರ್ಟ್ ಮಾಡು… ಮಾಡಿದೆಯಾ? ನೋಡಿದೆಯಾ! ಮಾಡಿದ್ದೇ ಗೊತ್ತಾಗಲಿಲ್ಲ. ಈ ಹೈಬ್ರಿಡ್ಡಿನ ಮರ್ಯಾದೆಯೇ ಅದು, ಬ್ಯಾಟರಿ ಮೇಲೆ ಬೆಕ್ಕಿನ ಹಾಗೆ ಹೆಜ್ಜೆ ಇಡುತ್ತೆ. ನನ್ನ ಕಿವಿಗೇ ಕೇಳಿಸಲ್ಲ ಅಂದ್ರೆ ಲೆಕ್ಕ ಹಾಕು. ನನ್ನ ಕಿವಿ ಎಂಥದ್ದು ಅಂತ ನಿಂಗೆ ಗೊತ್ತಲ್ಲ? ಕೊನೇ ಬೆಂಚಲ್ಲಿ ಪೆನ್ನಿನ ಕ್ಯಾಪು ತೆಗೆದ್ರೆ ಬೋರ್ಡಿನ ಕಡೆ ತಿರುಗಿದ್ದವನು ಹೆಸರು ಹಿಡಿದು ಕರೀತೀನಿ. ಮಕ್ಕಳು ನಂಗೆ ಇಟ್ಟಿರೋ ಅಡ್ಡಹೆಸರೇ ಬಾವಲಿ!

ಆ ಕಿವಿಯಿಂದ ಆದ ಫಜೀತಿ ಹೇಳಿದ್ನಾ ನಿಂಗೆ? ಪಕ್ಕದ ಮನೆ ನೀರಿನ ಪಂಪಿನ ಕಥೆ? ಹೇಳಿಲ್ವಾ? ಕೇಳು, ಇದಕ್ಕೆ ನಗಬಹುದು ನೀನು. ಆ ಪಂಪು ದಿನಾ ಬೆಳಿಗ್ಗೆ ಗುಂಯ್ ಅನ್ನುತ್ತೆ. ನಾನು ಪತ್ರ ಬರೆದೆ. ಒಂದಲ್ಲ, ಮೂರು. ಇಲ್ಲಿಂದ ಇಲ್ಲಿಗೆ, ಗೋಡೆ ಆಚೆ ಇರೋ ಮನೆಗೆ, ದಿನಾಂಕ ಹಾಕಿ, 'ವಿಷಯ' ಅಂತ ಬರೆದು, ಅಡಿಗೆರೆ ಎಳೆದು. ಎರಡು ತಿಂಗಳ ಹಿಂದೆ ಆ ಯಜಮಾನರು ಮೂರೂ ಪತ್ರ ಹಿಡ್ಕೊಂಡು ಬಾಗಿಲಿಗೇ ಬಂದ್ರು. ಪಾಪ, ಸಾಧು ಮನುಷ್ಯ. 'ಮೇಷ್ಟ್ರೇ, ಮೊದಲೆರಡು ಪತ್ರ ಒಪ್ಪಿದೆ. ಈ ಮೂರನೇದು ಮಾತ್ರ ಅನ್ಯಾಯ. ನೀವು ಬರೆದಿರೋ ವಾರದಲ್ಲಿ ನಮ್ಮ ಪಂಪು ಕೆಟ್ಟು ರಿಪೇರಿಗೆ ಹೋಗಿತ್ತು, ರಸೀದಿ ತಂದಿದೀನಿ' ಅಂದ್ರು. ರಸೀದಿ! ನಾನು ಬಿಟ್ನಾ? 'ಸುಳ್ಳು ಹೇಳಬೇಡಿ, ಆ ಮಂಗಳವಾರ ಬೆಳಿಗ್ಗೆ ಎಂಟು ಗಂಟೆಗೆ ನನ್ನ ಕಿವಿಯಾರೆ ಕೇಳಿದೀನಿ' ಅಂತ ಅವರ ಮೇಲೇ…

ಏನೋ?

ಯಾಕೆ ಬಾನೆಟ್ ಮುಚ್ಚಿದೆ? ಇನ್ನೂ ಎಂಜಿನ್ ಆಯಿಲ್ ನೋಡಬೇಕಿತ್ತಲ್ಲ.

ಯಾವ ಮಂಗಳವಾರ ಅಂದ್ರೆ… ಯಾವುದೋ ಒಂದು ಮಂಗಳವಾರ ಕಣೋ. ವರ್ಷಕ್ಕೆ ಐವತ್ತೆರಡು ಬರುತ್ತೆ.

ಅಕ್ಕ ಹೋದ ಮಂಗಳವಾರವಾ? ಅವತ್ತು ನಾನು ಶಾಲೆಯಲ್ಲಿದ್ದೆ. ಹೇಳಿದ್ನಲ್ಲ ನಿಂಗೆ ಆಸ್ಪತ್ರೆಯಲ್ಲೇ, ವಿಶೇಷ ತರಗತಿ ಇತ್ತು, ಏಳೂವರೆಗೇ ಹೊರಟೆ ಅಂತ. ಅವಳು ಆಮೇಲೆ ಹೊರಟಿರಬೇಕು, ಒಬ್ಬಳೇ ಗಾಡಿ ಓಡಿಸ್ಕೊಂಡು, ಆಸ್ಪತ್ರೆ ಅಂಗಳದಲ್ಲಿ ಎರಡು ಗೆರೆ ನಡುವೆ ನೀಟಾಗಿ ನಿಲ್ಲಿಸಿ, ಆ ಸೀಟಲ್ಲೇ… ಅವಳ ಫೋನಲ್ಲಿ ನಿನ್ನ ನಂಬರು ಮೇಲಿತ್ತು, ನಿಂಗೆ ಮೊದಲು ತಿಳೀತು, ನೀನು ನಂಗೆ ಫೋನು ಮಾಡಿದೆ, ನಾನು ಶಾಲೆಯಿಂದ…

ಯಾಕೆ ನನ್ನ ಕಾಲು ನೋಡ್ತಿದೀಯ?

ಬೂಟು. ಬೂಟೇ ಹಾಕಿದೀನಿ. ಹೊರಗೆ ಹೊರಟ್ರೆ ಬೂಟು ಹಾಕದೆ ನಾನು ಯಾವತ್ತಾದ್ರೂ… ಭಾನುವಾರ ಹಳೇ ಗಾಡಿ ನೋಡೋಕೂ ಪಾಲಿಶ್ ಮಾಡ್ಕೊಂಡು ಬರ್ತೀನಿ ಅಂತ ನೀನೇ ಆಡ್ಕೋತಿದ್ದೆಯಲ್ಲ.

ಓ.

ಅವತ್ತು ಚಪ್ಪಲಿ ಇತ್ತು, ಅಲ್ವಾ? ಆಸ್ಪತ್ರೆಗೆ ಬಂದಾಗ ಕಾಲಲ್ಲಿ. ನೀಲಿ ರಬ್ಬರ್ ಚಪ್ಪಲಿ, ಮನೇಲಿ ಹಾಕೋದು.

ಅವತ್ತೇ ನೋಡಿದ್ದೆಯಾ ನೀನು?

ನೋಡಿ, ಐದು ತಿಂಗಳು ಒಂದು ಮಾತೂ ಆಡದೆ, ಏಳು ಭಾನುವಾರ ಗಾಡಿ ಅಡಿಗೆ ಮಲಗಿದೆಯಾ! ನಾನು ಇಲ್ಲಿ ಬ್ಯಾಟರಿಗಿಷ್ಟು, ಟೈರಿಗಿಷ್ಟು ಅಂತ… ಈಗ ನಗಬೇಕಾದ್ದು ನೀನು. ನಗು. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ, ನಾನು ಯಾರೂ ಕೇಳದೇನೇ ಮುಟ್ಕೊಂಡು ನಿಂತೆ. ಎಂಥ ಮೇಷ್ಟ್ರು ನೋಡು. ಸುಳ್ಳು ಹೇಳೋಕೂ ಒಂದು ಕ್ರಮ ಬೇಡ್ವಾ? ಬೂಟು ಹಾಕ್ಕೊಂಡು ಬಂದು ಹೇಳಬೇಡ್ವಾ?

ಮನೇಲಿದ್ದೆ ಕಣೋ. ವಿಶೇಷ ತರಗತಿ ಇರಲಿಲ್ಲ. ಮುಂದಿನ ಕೋಣೆಯಲ್ಲಿ, ಮೇಜಿನ ಹತ್ರ, ಪೇಪರು ತಿದ್ದುತಿದ್ದೆ. ಒಂಬತ್ತನೇ ತರಗತಿದು. ಒಬ್ಬ ಹುಡುಗಿ ಎಲ್ಲ ಹಂತ ತಪ್ಪು ಬರೆದು ಉತ್ತರ ಮಾತ್ರ ಸರಿ ಬರೆದಿದ್ಲು. ಅರ್ಧ ಅಂಕ ಕೊಡಬೇಕೋ ಬೇಡವೋ? ಅದು ನನ್ನ ತಲೆಬಿಸಿ. ನಿಮ್ಮಕ್ಕ ಬಾಗಿಲಲ್ಲಿ ನಿಂತು, 'ಎದೆ ಯಾಕೋ ಉರೀತಿದೆ, ತೋರಿಸ್ಕೊಂಡು ಬರ್ತೀನಿ' ಅಂದ್ಲು. ಹೂಂ ಅಂದೆ. ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ಲು ಅನ್ಸುತ್ತೆ. ನಾನು ಇನ್ನೊಂದು ಸಲ ಹೂಂ ಅಂದೆ. ತಲೆ ಎತ್ತಿದ್ರೆ ಲೆಕ್ಕ ತಪ್ಪಿಹೋಗುತ್ತೆ ನೋಡು.

ಆಮೇಲೆ ತಲೆ ಎತ್ತಿದಾಗ ಒಂಬತ್ತು ಗಂಟೆ. ಗೇಟು ತೆರೆದಿತ್ತು. ಗಾಡಿ ಇರಲಿಲ್ಲ.

ಹೈಬ್ರಿಡ್ ಗಾಡಿ ಅಲ್ವಾ, ಸದ್ದೇ ಮಾಡಲ್ಲ ಅಂದುಕೊಂಡೆ. ಸದ್ದು ಮಾಡಿದ್ರೆ ಬಾವಲಿ ಕಿವಿಗೆ ಕೇಳಿಸ್ತಿರಲಿಲ್ವಾ? ಕೇಳಿಸಿದ್ರೆ ಎದ್ದು ಓಡ್ತಿರಲಿಲ್ವಾ, ಚಪ್ಪಲಿಯಲ್ಲೇ, ನಿಲ್ಲು ನಾನೂ ಬರ್ತೀನಿ ಅಂತ? ತಪ್ಪು ಗಾಡಿದು. ಅದಕ್ಕೇ ಮಾರಿದ್ದು, ಮೂರು ತಿಂಗಳು ಅದನ್ನೇ ಹಿಡ್ಕೊಂಡು ನಿದ್ದೆ ಮಾಡಿದೆ. ಅಷ್ಟರಲ್ಲಿ ಆ ಪುಣ್ಯಾತ್ಮ ರಸೀದಿ ತಂದ್ರು. ಪಂಪೇ ಇರಲಿಲ್ಲ ಅಂದ್ರೆ ಎಂಟು ಗಂಟೆಗೆ ಗುಂಯ್ ಅಂದಿದ್ದು ಏನು?

ಇಲ್ಲಿಗೆ ಬಂದ ಮೊದಲನೇ ಭಾನುವಾರ ನಾನು ಅವನನ್ನ ಕೇಳಿದೆ, ಆ ಗಾಡಿ ಮಾರೋವನನ್ನ. ನೀನು ಅಡಿಯಲ್ಲಿದ್ದೆ. 'ಇದು ನಿಜವಾಗಲೂ ಸದ್ದು ಮಾಡಲ್ವಾ?' ಅಂದೆ. 'ಒಳಗೆ ಕೂತವರಿಗೆ ಅಷ್ಟು ಗೊತ್ತಾಗಲ್ಲ ಸಾರ್. ಹಿಂದಕ್ಕೆ ತೆಗೆಯೋವಾಗ ಹೊರಗಿನವರಿಗೆ ಕೇಳ್ಲಿ ಅಂತ ಕಂಪನಿಯವರೇ ಒಂದು ಸದ್ದು ಇಟ್ಟಿರ್ತಾರೆ' ಅಂದ. ನಾನು ಹೊರಗೆ ನಿಂತವನೇ ಅಲ್ಲ ಕಣೋ. ಅಕ್ಕನ ಗಾಡಿ ಬಂದು ನಾಲ್ಕು ವರ್ಷ. ಜೊತೆಗೆ ಹೋದ್ರೆ ಒಳಗೆ ಕೂತೆ. ಅವಳೊಬ್ಬಳೇ ಹೊರಟ್ರೆ ಗೇಟಿನ ತನಕ ಒಂದು ದಿನವೂ ಬರಲಿಲ್ಲ.

ಅದೇ ಕೊನೇ ಪ್ರಶ್ನೆ. ತಗೋ, ಓದು ಈಗ. 'ಹಿಂದಕ್ಕೆ ತೆಗೆದಾಗ ಹೊರಗೆ ಕೇಳಿಸುತ್ತದೆಯೇ?' ಆರೂ ಗಾಡಿಗೆ ಖಾಲಿ. ನೀನು ರಿವರ್ಸ್ ಹಾಕೋ ಹೊತ್ತಿಗೆ ಪ್ರತಿಸಲ ಒಳಗೆ ಹತ್ತಿ ಕೂತು ಬಾಗಿಲು ಹಾಕ್ಕೊಂಡೆ, ಸೀಟು ನೋಡ್ತೀನಿ ಅಂತ. ಆಮೇಲೆ ಹಾಲು, ಗಡಿಯಾರ, ಬಣ್ಣ. ಎಂಥ ಧೀರ ನಿನ್ನ ಭಾವ!

ಗಾಡಿ ತಗೋತೀನೋ ಬಿಡ್ತೀನೋ, ಅದು ಆಮೇಲೆ. ನೀನು ಹತ್ತು. ಹತ್ತೋ. ನಾನು ಆ ಕಂಬದ ಹತ್ರ ನಿಲ್ತೀನಿ. ಇಲ್ಲಿಂದ ಹನ್ನೊಂದು ಹೆಜ್ಜೆ. ಮೇಜಿನಿಂದ ಗೇಟಿಗೂ ಹನ್ನೊಂದೇ, ಅಳೆದಿದೀನಿ. ನಾನು ಬೆನ್ನು ಹಾಕಿ ನಿಲ್ತೀನಿ. ಈಗ ತೆಗೀತೀನಿ ಅಂತ ಹೇಳಬೇಡ. ಸುಮ್ನೆ ತೆಗಿ.

…ಒಂಬತ್ತು, ಹತ್ತು, ಹನ್ನೊಂದು. ಹ್ಞೂಂ.

…

ಸಾಕು. ನಿಲ್ಲಿಸು. ಸಾಕು ಕಣೋ, ನಿಲ್ಲಿಸು!

ಇಳಿದು ಬರಬೇಡ, ಅಲ್ಲೇ ಇರು. ಪೆನ್ನು ಎಲ್ಲಿ… ಸರಿ, ಪುಸ್ತಕ ನಿನ್ನ ಹತ್ರವೇ ಇದೆ, ನೀನೇ ಬರಕೋ. ಕೊನೇ ಪ್ರಶ್ನೆ. ಕೇಳಿಸುತ್ತೆ. ಗುಂಯ್ ಅಂತ, ಸಣ್ಣಗೆ, ಪಂಪಿನ ಹಾಗೇ.

ಗಾಡಿ ಮಾರೋವನು ಎದ್ದು ಬರ್ತಿದಾನೆ. ಏನಾಯ್ತು ಅಂತ ಕೇಳ್ತಾನೆ. ಏನಾದ್ರೂ ಹೇಳು ಅವನಿಗೆ. ನಂಗೂ ಒಂದು ಮಾತು ಹೇಳೋ, ಬೈಯ್ಯೋದಾದ್ರೆ ಬೈಯ್ಯಿ. ಹಾಗೆ ಸ್ಟೇರಿಂಗ್ ಹಿಡ್ಕೊಂಡು ಕೂರಬೇಡ.

ಅವತ್ತು ಆ ಸದ್ದಿಗೆ ಲೆಕ್ಕ ತಪ್ಪುತ್ತೆ ಅಂತ, ಕೂತಲ್ಲಿಂದಲೇ ಕೈ ಚಾಚಿ ಕಿಟಕಿ ಮುಚ್ಚಿದೆ.