ಶಾಲು ಹೊದಿಸುವ ಮುನ್ನ

ಕನ್ನಡ ಸಂಘದ ಅಧ್ಯಕ್ಷರಾದ ಶ್ರೀನಿಧಿ ಅವರೇ, ದೀಪ ಬೆಳಗಿಸಿದ ಹಿರಿಯರಾದ ರಮಾ ಆಂಟಿಯವರೇ, ಇಲ್ಲೇ ಪಕ್ಕದ ರೊಟೊಟೂನದಿಂದ, ದೂರದ ತಕಾನಿನಿಯಿಂದ ಭಾನುವಾರದ ನಿದ್ದೆ ಬಿಟ್ಟು ಬಂದಿರುವ ಸಭಿಕ ಬಂಧುಗಳೇ,

ಸನ್ಮಾನ ಆದ ಮೇಲೆ ಮಾತನಾಡುವುದು ನಮ್ಮ ಪದ್ಧತಿ. ಶಾಲು ಹೊದಿಸುವ ಮೊದಲೇ ಮೈಕು ಕೊಡಿ ಎಂದು ನಾನೇ ಕೇಳಿದೆ. ಭಾಷಣ ಬೇಗ ಮುಗಿಯುತ್ತದೆ ಎಂದು ಸಂಘದವರು ಸಂತೋಷದಿಂದಲೇ ಕೊಟ್ಟರು. ಶುರು ಮಾಡುವ ಮುನ್ನ ಒಂದು ವಿನಂತಿ. ಆ ಇಟ್ಟಿಗೆ ಗೋಡೆಗೆ ಒರಗಿ ಕುಳಿತಿರುವ ಮಕ್ಕಳನ್ನು ಯಾರಾದರೂ ಈ ಕಡೆ ಕರೆಯುತ್ತೀರಾ? ಹಾಂ, ಹಾಗೆ. ಬಾಗಿಲ ಹತ್ತಿರ ಕೂರಲಿ.

ಪರಿಚಯ ಭಾಷಣದಲ್ಲಿ ನನ್ನನ್ನು ದಾವಣಗೆರೆಯಿಂದ ನೇರವಾಗಿ ಈ ಊರಿನ ಕೌನ್ಸಿಲಿಗೆ ತಂದು ಕೂರಿಸಿದಿರಿ. ರಸ್ತೆ ಅಷ್ಟು ನೇರವಾಗಿರಲಿಲ್ಲ. ಈ ದೇಶಕ್ಕೆ ಬಂದು ಕ್ರೈಸ್ಟ್‌ಚರ್ಚಿನಲ್ಲಿ ಇಳಿದಾಗ ನನ್ನ ಅಕೌಂಟೆಂಟ್ ಅನುಭವವನ್ನು ಮೂಸಿ ನೋಡುವವರೂ ಇರಲಿಲ್ಲ. ಅಂಗಡಿಯಲ್ಲಿ ಬ್ರೆಡ್ ಜೋಡಿಸಿದೆ. ಕೊನೆಗೆ ಒಂದು ಚಿಕ್ಕ ಆಫೀಸಿನಲ್ಲಿ ಕೆಲಸ ಸಿಕ್ಕಿತು. ಅಲ್ಲಿ ಪಕ್ಕದ ಕುರ್ಚಿ ಕೃಪಾಳದು, ಮೈಸೂರಿನ ಹುಡುಗಿ. ಇಂಗ್ಲಿಷ್ ಮಾತಾಡಿ ಮಾತಾಡಿ ದವಡೆ ನೋಯುತ್ತಿದ್ದ ಆ ದಿನಗಳಲ್ಲಿ ಅವಳು ಸಿಕ್ಕಿದ್ದು ನನ್ನ ಪುಣ್ಯ. ಆಮೇಲೆ ಸರ್ಕಾರಿ ಇಲಾಖೆ ಸೇರಿದೆ, ನಗರವನ್ನು ಮತ್ತೆ ಕಟ್ಟುವ ಕೆಲಸದಲ್ಲಿ. ನಂತರ ಈ ಊರು, ಈ ಚುನಾವಣೆ. ನನ್ನ ಬೋರ್ಡುಗಳನ್ನು ತಮ್ಮ ಯೂಟ್ ಗಾಡಿಯ ಹಿಂದೆ ಹೇರಿಕೊಂಡು ಬೀದಿ ಬೀದಿ ನೆಟ್ಟವರು ಇದೇ ಶ್ರೀನಿಧಿ. ಮಳೆಯಲ್ಲಿ ನೆನೆದು ಜ್ವರ ಬಂದು ಮಲಗಿದರೂ ಒಂದು ದಿನ ಅದನ್ನು ಎತ್ತಿ ಆಡಿದವರಲ್ಲ. ಆ ಋಣ ನನ್ನ ಮೇಲಿದೆ.

ಅದಕ್ಕೇ ಇವತ್ತು ಈ ಮಾತು ಹೇಳುವುದು ಕಷ್ಟ.

ಮಂಗಳವಾರ ಕೌನ್ಸಿಲಿನಲ್ಲಿ ಮತದಾನವಿದೆ. ನಾವು ಕುಳಿತಿರುವ ಈ ಹಳೆಯ ಸಭಾಂಗಣವನ್ನು ಭೂಕಂಪ ತಾಳುವಂತೆ ಭದ್ರಪಡಿಸುವವರೆಗೆ ಮುಚ್ಚಬೇಕೆ, ಬೇಡವೆ? ಸದಸ್ಯರು ಸರಿಸಮವಾಗಿ ಎರಡು ಪಾಲಾಗಿದ್ದಾರೆ. ನನ್ನದೇ ಕೊನೆಯ ಮತ. ನಾನು ಹಾಕದಿದ್ದರೆ ಮುಚ್ಚುವ ಪ್ರಸ್ತಾಪ ಬಿದ್ದುಹೋಗುತ್ತದೆ, ಬಾಗಿಲು ತೆರೆದೇ ಇರುತ್ತದೆ. ಇದು ನಿಮಗೆಲ್ಲ ಗೊತ್ತು. ನಿಮಗೆ ಗೊತ್ತಿಲ್ಲದ್ದು ಇಷ್ಟು: ಈ ವಿಷಯದಲ್ಲಿ ಸಂಬಂಧಪಟ್ಟವರಿಂದ ಶಾಲು, ಹಾರ, ಉಡುಗೊರೆ ಏನು ಪಡೆದರೂ ನಾನು ಮತ ಹಾಕದೆ ಹೊರಗೆ ಕೂರಬೇಕು. ನಮ್ಮ ಕೌನ್ಸಿಲಿನ ಕಟ್ಟುಪಾಡು ಅದು.

ಹಾಗಿದ್ದರೆ ಮೊದಲೇ ಹೇಳಬಾರದಿತ್ತೇ? ಹೇಳಿದೆ. ಫೋನಿನಲ್ಲಿ "ಈಗ ಬೇಡ ಶ್ರೀನಿಧಿ" ಎಂದೆ. "ಅಯ್ಯೋ, ನೀವು ಬೇಡ ಅಂದ್ರೆ ನಾವ್ ಬಿಟ್ಬಿಡ್ತೀವಾ ಮೇಡಂ? ಶಾಲು ಆಗ್ಲೇ ತರ್ಸಾಗಿದೆ" ಎಂದರು. ಖಂಡಿತ ಬೇಡ ಎಂದೆ. "ನಿಮ್ಮ ದೊಡ್ಡ ಗುಣ" ಎಂದರು. ಅವರದೇನು ತಪ್ಪು? ನಮ್ಮಲ್ಲಿ ಸನ್ಮಾನಕ್ಕೆ ಮೊದಲ ಸಲವೇ ಹೂಂ ಎಂದವರನ್ನು ನೀವು ನೋಡಿದ್ದೀರಾ? ಬೇಡ ಎಂದಷ್ಟೂ ಒತ್ತಾಯ ಮಾಡಬೇಕು. ನಾನೂ ಮಾಡಿದ್ದೇನೆ.

ಆದರೆ ನಿನ್ನೆಯಿಂದ ನನ್ನನ್ನು ಹೆದರಿಸುತ್ತಿರುವುದು ಬೇರೆ. ಶಾಲು ಹೊದ್ದುಕೊಂಡರೆ ನನಗೆ ಎಷ್ಟು ಅನುಕೂಲ! ಮತ ಹಾಕುವಂತಿಲ್ಲ. ಸಭಾಂಗಣ ಉಳಿಯುತ್ತದೆ. ನೀವು ನನ್ನನ್ನು ಪ್ರೀತಿಸುತ್ತಲೇ ಇರುತ್ತೀರಿ. ನಾನು ಯಾರಿಗೂ ಏನೂ ಹೇಳಬೇಕಾಗಿಲ್ಲ.

ಕ್ರೈಸ್ಟ್‌ಚರ್ಚಿನ ನಮ್ಮ ಆಫೀಸಿನ ಬೀದಿಯಲ್ಲೂ ಇಟ್ಟಿಗೆ ಗೋಡೆಗಳಿದ್ದವು. ಮೊದಲ ಭೂಕಂಪದಲ್ಲಿ ಬಿರುಕು ಬಿಟ್ಟವು. ಬಿರುಕಿಗೆ ಬಣ್ಣ ಬಳಿದರು, ನಾವೂ ಮರೆತೆವು. ಆ ಫೆಬ್ರವರಿಯ ಮಧ್ಯಾಹ್ನ ಡಬ್ಬಿ ಬಿಚ್ಚಿದಾಗ ಮೊಸರು ಇರಲಿಲ್ಲ. "ನೀನು ಅನ್ನ ಬಿಸಿ ಮಾಡ್ತಿರು, ಡೈರಿಯಿಂದ ಮೊಸರು ತಂದೆ" ಎಂದು ಕೃಪಾ ಮೆಟ್ಟಿಲಿಳಿದಳು. ಅವಳು ಫುಟ್‌ಪಾತಿನಲ್ಲಿದ್ದಾಗ ಭೂಮಿ ಮತ್ತೆ ನಡುಗಿ ಎದುರಿನ ಗೋಡೆ ಅವಳ ಮೇಲೆ ಬಿತ್ತು.

ಕ್ಷಮಿಸಿ. ಸ್ವಲ್ಪ ನೀರು ಕೊಡಿ.

ಇಲ್ಲಿ ಅರ್ಧ ಜನ ಎಂಜಿನಿಯರುಗಳು. ಅಕೌಂಟೆಂಟಿನಿಂದ ಗೋಡೆಯ ಪಾಠ ಹೇಳಿಸಿಕೊಳ್ಳಬೇಕೇ ಎಂದು ನಗಬಹುದು. ನಗಿ. ಆದರೆ ಈ ಗೋಡೆಗಳ ಬಗ್ಗೆ ಕೌನ್ಸಿಲಿನವರು ಎಲ್ಲರಿಗೂ ಕಳಿಸಿದ ವರದಿಯನ್ನು ನಿಮ್ಮಲ್ಲಿ ಎಷ್ಟು ಜನ ಓದಿದ್ದೀರಿ? ಈ ಸಮಾರಂಭಕ್ಕೆಂದು ಕಳೆದ ವಾರ ಆ ಗೋಡೆಗೆ ಹೊಸ ಬಣ್ಣ ಬಳಿದಿರಿ. ಬಹಳ ಚೆನ್ನಾಗಿ ಕಾಣುತ್ತಿದೆ. ಒಳಗೆ ಬಂದಾಗಿನಿಂದ ನಾನು ಅದನ್ನೇ ನೋಡುತ್ತಿದ್ದೇನೆ.

ಮಂಗಳವಾರ ಎಲ್ಲರ ವಾದವನ್ನೂ ಕಿವಿಗೊಟ್ಟು ಕೇಳುತ್ತೇನೆ. ನನ್ನ ಮನಸ್ಸು ಬದಲಿಸುವವರಿದ್ದರೆ ಬದಲಿಸಲಿ. ಇವತ್ತಿನ ಮಟ್ಟಿಗೆ, ಈ ಬಾಗಿಲು ತೆರೆದಿರಲಿ ಎಂದು ಕೈಯೆತ್ತಲು ನನಗೆ ಆಗುವುದಿಲ್ಲ. ಯುಗಾದಿ ಎಲ್ಲಿ ಮಾಡುವುದು, ಮಕ್ಕಳ ಕನ್ನಡ ತರಗತಿ ಎಲ್ಲಿ ಎಂದು ಕೇಳುತ್ತೀರಿ. ಗೊತ್ತಿಲ್ಲ. ಹುಡುಕೋಣ. ಬೈಯುವವರು ಬೈಯಿರಿ, ತಪ್ಪು ತಿಳಿಯುವುದಿಲ್ಲ.

ಶ್ರೀನಿಧಿ, ತಲೆ ತಗ್ಗಿಸಬೇಡಿ. ಆ ಶಾಲನ್ನು ಮಡಚಿ ಜೋಪಾನವಾಗಿಡಿ. ಮಂಗಳವಾರ ಕಳೆದ ಮೇಲೂ ಇವಳಿಗೆ ಹೊದಿಸಬೇಕು ಎಂದು ನಿಮಗನ್ನಿಸಿದರೆ ಒಂದು ಸಲ ಕರೆಯಿರಿ. ಆಗ ಬೇಡ ಎನ್ನುವುದಿಲ್ಲ.

ಮುನಿಸಿನ ನಡುವೆಯೂ ಎದ್ದು ಹೋಗದೆ ಕೇಳಿದ ನಿಮಗೂ, ಅಡುಗೆ ಮಾಡಿದ ಕೈಗಳಿಗೂ ನನ್ನ ವಂದನೆ. ಬಿಸಿಲು ಚೆನ್ನಾಗಿದೆ, ಊಟದ ಎಲೆಗಳನ್ನು ಹೊರಗೆ ಹುಲ್ಲಿನ ಮೇಲೆ ಹಾಕಿಸೋಣ. ಮೊದಲು ಮಕ್ಕಳು ಹೊರಡಲಿ. ನಾನು ಕೊನೆಗೆ ಬರುತ್ತೇನೆ. ನಮಸ್ಕಾರ.